ಮೊಬೈಲ್ ಮುಂದೆ ನಿಂತು ಬಾಲ್‌ರೂಮ್ ಡಾನ್ಸ್ ಕಲಿಯಬಹುದಾ? ರೊಕ್ಕ ಕಟ್ಟೋ ಮುಂಚೆ ಇದನ್ನ ಓದ್ರಿ

ಗೋಕಾಕ: ಮದುವೆ ಹಂಗಾಮು ಬಂತಂದ್ರೆ ನಮ್ಮ ಭಾಗದಲ್ಲೂ ಈಗ ಆರತಕ್ಷತೆ ವೇದಿಕೆ ಮೇಲೆ ಮದುಮಗ-ಮದುಮಗಳು ಕೈ ಹಿಡಿದು ನಾಲ್ಕು ಹೆಜ್ಜೆ ಹಾಕೋದು ಕಾಣ್ತದೆ. ಡಿಜೆ ಹಾಡಿಗೆ ಕುಣಿಯೋದು ಬೇರೆ, ಇದು ಬೇರೆ. ಇಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಹೆಜ್ಜೆ ಎತ್ತಬೇಕು, ಒಬ್ಬರ ಕಾಲು ಇನ್ನೊಬ್ಬರು ತುಳಿಯಬಾರದು, ಸೀರೆ ಸೆರಗು ಸಿಕ್ಕಬಾರದು, ಮೇಲಾಗಿ ನಾಚಿಕೆ ಮುಖದ ಮೇಲೆ ಕಾಣಬಾರದು. ಮದುವೆಗೆ ಇನ್ನೂ ಎರಡು ತಿಂಗಳಿದೆ ಅನ್ನುವಾಗ ಯಾರಾದರೂ ಮೊಬೈಲ್ ತೆಗೆದು ಹುಡುಕಿದರೆ ಸಾಲುಸಾಲಾಗಿ ಜಾಹೀರಾತು ಬರ್ತಾವೆ: ಆನ್‌ಲೈನ್ ಬಾಲ್‌ರೂಮ್ ಕ್ಲಾಸ್, ವೀಕೆಂಡ್ ವರ್ಚುವಲ್ ಕ್ಯಾಂಪ್, ಏಳೇ ದಿನದಲ್ಲಿ ವಾಲ್ಟ್ಸ್, ಮನೆಯಲ್ಲೇ ಕುಳಿತು ಅಂತಾರಾಷ್ಟ್ರೀಯ ಸರ್ಟಿಫಿಕೇಟ್.

ಮನೆಯಲ್ಲೇ ಕುಳಿತು ಡಾನ್ಸ್ ಕಲಿಯೋದು ಹೆಂಗೋ ಏನೋ, ನಿಂತಾದರೂ ಕಲಿಯಬೇಕಲ್ಲ. ಇರಲಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಬಾಲ್‌ರೂಮ್ ಅಂತ ಬೋರ್ಡ್ ಹಾಕಿದ ಕ್ಲಾಸ್ ಹುಡುಕೋದು ಕಷ್ಟ. ಬೆಳಗಾವಿಗೆ ಹೋಗಿ ಬರಬೇಕಂದ್ರೆ ಗೋಕಾಕದಿಂದ ಬಸ್ಸಿನಲ್ಲಿ ಹೋಗೋಕೇ ಎರಡು ತಾಸಿನ ಹತ್ತಿರ. ಹಾಗಾಗಿ ಆನ್‌ಲೈನ್ ಅನ್ನೋದು ನಮ್ಮಂಥ ಊರಿನವರಿಗೆ ಶೋಕಿ ಅಲ್ಲ, ಇರೋ ಒಂದೇ ದಾರಿ. ಪ್ರಶ್ನೆ ಏನಂದ್ರೆ, ಆ ದಾರಿ ಎಲ್ಲಿವರೆಗೆ ಹೋಗ್ತದೆ? ಉತ್ತರ ಮೊದಲೇ ಹೇಳಿಬಿಡ್ತೀವಿ: ಅರ್ಧದವರೆಗೆ. ನಿಮ್ಮ ಕಾಲು, ನಿಮ್ಮ ಲೆಕ್ಕ, ನಿಮ್ಮ ನಿಲುವು ಇವನ್ನ ಪರದೆ ಚೆನ್ನಾಗೇ ಕಲಿಸ್ತದೆ. ಜೋಡಿಯ ಕೈಯಿಂದ ಕೈಗೆ ದಾಟೋ ಸೂಚನೆ ಇದೆಯಲ್ಲ, ಅದನ್ನ ಕಲಿಸೋದಿಲ್ಲ. ಇದು ಗೊತ್ತಿದ್ದು ರೊಕ್ಕ ಕಟ್ಟಿದರೆ ಲಾಭ, ಗೊತ್ತಿಲ್ಲದೆ ಕಟ್ಟಿದರೆ ಮೂರನೇ ವಾರಕ್ಕೆ ಬೇಸರ.

ಬಾಲ್ ಅಂದ್ರೆ ಚೆಂಡಲ್ಲ

ಹೆಸರಿನಿಂದಲೇ ಶುರು ಮಾಡೋಣ. ಇಲ್ಲಿ 'ಬಾಲ್' ಅನ್ನೋದು ಕುಣಿಯುವುದು ಅನ್ನೋ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಶಬ್ದ. ಬಾಲ್‌ರೂಮ್ ಅಂದ್ರೆ ನೃತ್ಯಕೂಟ ನಡೆಯೋ ದೊಡ್ಡ ಹಾಲ್. ಸ್ಪರ್ಧೆಗಳಲ್ಲಿ ಒಟ್ಟು ಹತ್ತು ನೃತ್ಯ. ಸ್ಟ್ಯಾಂಡರ್ಡ್ ಗುಂಪಿನಲ್ಲಿ ಐದು: ವಾಲ್ಟ್ಸ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್ ಗುಂಪಿನಲ್ಲಿ ಐದು: ಸಾಂಬಾ, ಚಾ-ಚಾ, ರುಂಬಾ, ಪಾಸೊ ಡೋಬ್ಲೆ, ಜೈವ್. ಬೆಂಗಳೂರಿನಲ್ಲಿ ಹೆಚ್ಚು ಕಲಿಸೋ ಸಾಲ್ಸಾ, ಬಚಾಟಾ ಈ ಹತ್ತರಲ್ಲಿ ಬರೋದಿಲ್ಲ. ಹಂಗಂತ ಅವು ಕಡಿಮೆ ಅಂತಲ್ಲ, ಕ್ಲಾಸಿಗೆ ಸೇರೋವಾಗ ಏನು ಕಲಿಸ್ತಾರ ಅನ್ನೋದು ಗೊತ್ತಿರಲಿ ಅಂತ ಹೇಳಿದ್ದು.

ನಮ್ಮ ರಾಜ್ಯಕ್ಕೆ ಇದು ತೀರಾ ಅಪರಿಚಿತವೂ ಅಲ್ಲ. ಕೋಲಾರ ಚಿನ್ನದ ಗಣಿಯಲ್ಲಿ ಬ್ರಿಟಿಷರು, ಆಂಗ್ಲೋ-ಇಂಡಿಯನ್ ಕುಟುಂಬಗಳು ಇದ್ದ ಕಾಲಕ್ಕೆ ಕ್ಲಬ್ಬಿನಲ್ಲಿ ಜೋಡಿ ನೃತ್ಯ ಅಂದ್ರೆ ವಾರಾಂತ್ಯದ ಮಾಮೂಲು ಸಂಗತಿ. ಕೆಜಿಎಫ್‌ಗೆ 'ಲಿಟಲ್ ಇಂಗ್ಲೆಂಡ್' ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ. ನಮಗೆ ಇನ್ನೂ ಹತ್ತಿರದ್ದು ಗೋವಾ. ಅಲ್ಲಿ ಕ್ರೈಸ್ತರ ಮದುವೆಯಲ್ಲಿ ಮದುಮಕ್ಕಳ ಮೊದಲ ಕುಣಿತ ಸಾಮಾನ್ಯವಾಗಿ ವಾಲ್ಟ್ಸ್. ಅಜ್ಜ-ಅಜ್ಜಿಯೂ ಎದ್ದು ಎರಡು ಸುತ್ತು ಹಾಕ್ತಾರೆ, ಯಾರೂ ಬಾಯಿ ಮೇಲೆ ಬೆರಳಿಡೋದಿಲ್ಲ. ಬೆಳಗಾವಿಯಲ್ಲಿ ಗೋವಾ ಮೂಲದ ಗೆಳೆಯರ ಮದುವೆಗೆ ಹೋಗಿ ಬಂದವರಿಗೆ ಇದು ಗೊತ್ತಿರ್ತದೆ. ಅಲ್ಲಿ ಯಾರೂ ಆನ್‌ಲೈನ್ ಕ್ಲಾಸಿನಿಂದ ಕಲಿತವರಲ್ಲ. ಅವ್ವ-ಅಪ್ಪ ಕುಣಿಯೋದು ನೋಡಿ, ಚಿಕ್ಕಪ್ಪನ ಕೈ ಹಿಡಿದು ಕಲಿತವರು. ನಮಗೆ ಮನೆಯಲ್ಲಿ ಆ ವಾತಾವರಣ ಇಲ್ಲದ್ದಕ್ಕೇ ಮೊಬೈಲ್ ಬೇಕಾಗಿದೆ.

ಅಂಚೆಯಲ್ಲಿ ಬಂದ ಹೆಜ್ಜೆಗಳು

ದೂರದಿಂದ ಡಾನ್ಸ್ ಕಲಿಸೋ ಧಂದೆ ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ನೂರು ವರ್ಷದ ಇತಿಹಾಸ ಇದೆ. ಅಮೆರಿಕದ ಆರ್ಥರ್ ಮರ್ರಿ ಅನ್ನೋರು 1920ರ ದಶಕದಲ್ಲಿ ಅಂಚೆ ಮೂಲಕ ಬಾಲ್‌ರೂಮ್ ಪಾಠ ಮಾರಿದರು. ಕಾಗದದ ಮೇಲೆ ಪಾದದ ಗುರುತು, ಎಡಗಾಲಿಗೊಂದು ಬಲಗಾಲಿಗೊಂದು, ಅದರ ಮೇಲೆ ಅಂಕಿ. ನೆಲದ ಮೇಲೆ ಹರಡಿ ಅಂಕಿ ಪ್ರಕಾರ ಕಾಲಿಟ್ಟರೆ ಹೆಜ್ಜೆ ಬಂತು. ಇದೇ ಮರ್ರಿ ಜಾರ್ಜಿಯಾ ಟೆಕ್ ಕಾಲೇಜಿನಲ್ಲಿ ಓದುವಾಗ, 1920ರಲ್ಲಿ, ಒಂದು ಕಡೆ ಬ್ಯಾಂಡ್ ಬಾರಿಸಿ ರೇಡಿಯೋ ಮೂಲಕ ಇನ್ನೊಂದು ಕಡೆ ಮಂದಿ ಕುಣಿಯೋ ಹಾಗೆ ಮಾಡಿದ್ದರು. ಇಂದಿನ ವರ್ಚುವಲ್ ಕ್ಯಾಂಪಿನ ಮುತ್ತಜ್ಜ ಅನ್ನಬಹುದು.

ಆದರೆ ಅದೇ ಮರ್ರಿ 1930ರ ದಶಕದ ಕೊನೆಗೆ ಊರೂರಿಗೆ ಸ್ಟುಡಿಯೋ ತೆರೆಯೋಕೆ ಶುರು ಮಾಡಿದರು. ಆಮೇಲೆ ಅವರ ಹೆಸರು ದೊಡ್ಡದಾಗಿದ್ದು ಅದರಿಂದ. ಕಾಗದ ಕಾಲಿನ ಜಾಗ ಹೇಳ್ತಿತ್ತು. ಮೈಭಾರ ಯಾವ ಕಾಲಿನ ಮೇಲಿದೆ, ಎದುರಿನವರು ಯಾವಾಗ ಹೊರಳ್ತಾರೆ ಅನ್ನೋದನ್ನ ಹೇಳ್ತಿರಲಿಲ್ಲ. ನೂರು ವರ್ಷದಲ್ಲಿ ಕಾಗದದ ಜಾಗಕ್ಕೆ ವಿಡಿಯೋ ಬಂದಿದೆ, ಕೊರತೆ ಮಾತ್ರ ಬಹುಮಟ್ಟಿಗೆ ಅದೇ.

2020ರಲ್ಲಿ ಕೊರೊನಾ ಬಂದಾಗ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಉತ್ಸವವೇ ನಡೆಯಲಿಲ್ಲ. 1920ರಲ್ಲಿ ಶುರುವಾದ, ಈ ಲೋಕದಲ್ಲಿ ಎಲ್ಲರೂ ಕನಸು ಕಾಣೋ ಸ್ಪರ್ಧೆ ಅದು. ಸ್ಟುಡಿಯೋ ಬಾಗಿಲು ಮುಚ್ಚಿದ ಮಾಸ್ತರರು ಹೊಟ್ಟೆಪಾಡಿಗೆ ಝೂಮ್ ಹಿಡಿದರು. ಅದರಿಂದ ನಮಗಾದ ಉಪಕಾರ ಇಷ್ಟು: ಮುಂಚೆ ಲಂಡನ್ನಿಗೋ ಇಟಲಿಗೋ ಹೋಗಿ ಕಲಿಯಬೇಕಾದವರ ಹತ್ತಿರ ಈಗ ಸಂಕೇಶ್ವರದಲ್ಲಿ, ಕುಲಗೋಡದಲ್ಲಿ ಕುಳಿತವರೂ ಅರ್ಧ ತಾಸಿನ ಪಾಠ ಕೇಳಬಹುದು.

ದಾದರಾ ಗೊತ್ತಿದ್ರೆ ವಾಲ್ಟ್ಸ್ ಅರ್ಧ ಬಂದಂಗ

ಹೊಸಬರು ಮೊದಲು ಎಡವೋದು ಕಾಲಿನಲ್ಲಿ ಅಲ್ಲ, ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ 'ಒನ್ ಟೂ ತ್ರೀ' ಅಂತ ಮಾಸ್ತರು ಹೇಳ್ತಾ ಹೋಗ್ತಾರೆ, ನಾವು ಸಿನಿಮಾ ಹಾಡಿನ ರೂಢಿಯಲ್ಲಿ ನಾಲ್ಕರ ಲೆಕ್ಕಕ್ಕೆ ಕಾಲು ಎತ್ತುತೀವಿ, ಎರಡನೇ ಸುತ್ತಿಗೇ ಎಲ್ಲ ತಪ್ತದೆ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಊರೂರಿಗೆ ಭಜನಾ ಮಂಡಳಿ ಇದೆ, ಮಂಡಳಿಗೊಬ್ಬ ತಬಲಾ ಬಾರಿಸೋರು ಇದ್ದಾರೆ. ಅವರಿಗೆ ದಾದರಾ ಗೊತ್ತು: ಆರು ಮಾತ್ರೆ, ಮೂರು ಮೂರರ ಎರಡು ಭಾಗ. ಧಾ ಧಿ ನಾ, ಧಾ ತಿ ನಾ. ವಾಲ್ಟ್ಸ್ ಕೂಡ ಮೂರರ ಲೆಕ್ಕ, ಮೊದಲ ಪೆಟ್ಟಿಗೆ ಒತ್ತು. ವಾಲ್ಟ್ಸಿನ ಮೊದಲ ಪಾಠವಾದ ಪೆಟ್ಟಿಗೆ ಹೆಜ್ಜೆ, ಅಂದ್ರೆ ಬಾಕ್ಸ್ ಸ್ಟೆಪ್, ಸರಿಯಾಗಿ ಆರು ಹೆಜ್ಜೆ. ದಾದರಾದ ಒಂದು ಆವರ್ತನಕ್ಕೆ ಒಂದು ಪೆಟ್ಟಿಗೆ ಮುಗೀತದೆ.

ಹೆಜ್ಜೆ ಹೀಗೆ. ನಡೆಸೋರು, ಸಾಮಾನ್ಯವಾಗಿ ಗಂಡು: 'ಧಾ'ಕ್ಕೆ ಎಡಗಾಲು ಮುಂದೆ, 'ಧಿ'ಗೆ ಬಲಗಾಲು ಬಲಕ್ಕೆ, 'ನಾ'ಕ್ಕೆ ಎಡಗಾಲು ತಂದು ಬಲಗಾಲಿಗೆ ಜೋಡಿಸಬೇಕು. ಮುಂದಿನ 'ಧಾ'ಕ್ಕೆ ಬಲಗಾಲು ಹಿಂದೆ, 'ತಿ'ಗೆ ಎಡಗಾಲು ಎಡಕ್ಕೆ, 'ನಾ'ಕ್ಕೆ ಬಲಗಾಲು ಜೋಡಣೆ. ಎದುರಿಗೆ ಇರೋರು ಇದರ ಕನ್ನಡಿ: ಮೊದಲು ಬಲಗಾಲು ಹಿಂದೆ, ಎಡಗಾಲು ಎಡಕ್ಕೆ, ಬಲಗಾಲು ಜೋಡಣೆ, ಆಮೇಲೆ ಎಡಗಾಲು ಮುಂದೆ, ಬಲಗಾಲು ಬಲಕ್ಕೆ, ಎಡಗಾಲು ಜೋಡಣೆ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದುಕೊಂಡರೆ ಇನ್ನೂ ಸಲೀಸು. ಇಷ್ಟನ್ನ ಯಾವ ಫೀ ಕಟ್ಟದೇ ಇವತ್ತು ಸಂಜೆ ಪಡಸಾಲಿಯಲ್ಲಿ ಮಾಡಿ ನೋಡ್ರಿ. ಹತ್ತು ನಿಮಿಷದಲ್ಲಿ ಕಾಲು ತಾನೇ ಹೋಗೋಕೆ ಶುರುವಾದರೆ ಮುಂದೆ ಕ್ಲಾಸಿಗೆ ರೊಕ್ಕ ಹಾಕೋದರ ಬಗ್ಗೆ ವಿಚಾರ ಮಾಡಬಹುದು.

ಫಾಕ್ಸ್‌ಟ್ರಾಟ್, ಚಾ-ಚಾ, ರುಂಬಾ ನಾಲ್ಕರ ಲೆಕ್ಕದವು. ಅವಕ್ಕೆ ಕೆಹರವಾ ಬಾರಿಸೋರನ್ನ ಕೇಳಬೇಕು. ಶಾಲೆಯಲ್ಲಿ ಲೇಜಿಮ್ ಆಡಿದವರಿಗೆ ಈ ಲೆಕ್ಕ ಮೈಯಲ್ಲೇ ಕುಂತಿರ್ತದೆ.

ಪರದೆ ಎಲ್ಲಿ ಕೈ ಕೊಡ್ತದೆ

ಸ್ಪರ್ಧೆಯ ವಾಲ್ಟ್ಸ್ ಹಾಡು ನಿಮಿಷಕ್ಕೆ 28ರಿಂದ 30 ಬಾರ್ ಓಡ್ತದೆ. ಬಾರಿಗೆ ಮೂರು ಪೆಟ್ಟು. ಅಂದ್ರೆ ನಿಮಿಷಕ್ಕೆ ಸುಮಾರು 87 ಪೆಟ್ಟು, ಪೆಟ್ಟಿನಿಂದ ಪೆಟ್ಟಿಗೆ 0.7 ಸೆಕೆಂಡ್. ಈಗ ಮಾಸ್ತರರ ಹಾಡು ಇಂಟರ್ನೆಟ್ಟಿನಲ್ಲಿ ನಿಮ್ಮ ಹತ್ತಿರ ಬರೋಕೆ 0.15 ಸೆಕೆಂಡ್ ತಡ, ನಿಮ್ಮ ಚಿತ್ರ ವಾಪಸ್ ಹೋಗೋಕೆ ಇನ್ನೊಂದು 0.15 ಅಂತ ಹಿಡಿದರೆ, ನೀವು ಸರಿಯಾಗೇ ಕುಣಿದರೂ ಅವರ ಪರದೆಯಲ್ಲಿ ಹೆಚ್ಚುಕಡಿಮೆ ಅರ್ಧ ಪೆಟ್ಟು ಹಿಂದೆ ಕಾಣ್ತೀರಿ. ಜೈವ್‌ಗೆ ಪೆಟ್ಟಿನ ಅಂತರವೇ 0.35 ಸೆಕೆಂಡ್, ಅಲ್ಲಿ ಹೆಚ್ಚುಕಡಿಮೆ ಒಂದು ಪೆಟ್ಟು ಹಿಂದೆ ಬೀಳ್ತೀರಿ. ಮಾಸ್ತರರು ತಾಳ ತಪ್ಪಿದೆ ಅಂತಾರೆ, ನೀವು ತಪ್ಪಿಲ್ಲ ಅಂತೀರಿ, ಇಬ್ಬರೂ ಹೇಳೋದು ಖರೇನೇ.

ಇದರ ಮೇಲೆ ಬ್ಲೂಟೂತ್ ಸ್ಪೀಕರ್ ಹಚ್ಚಿದರೆ ಅದರದೊಂದು ತಡ ಬೇರೆ. ಕ್ಲಾಸಿಗೆ ತಂತಿ ಇರೋ ಸ್ಪೀಕರ್ ವಾಸಿ, ಇಲ್ಲಂದ್ರೆ ಮೊಬೈಲಿನ ದನಿಯೇ ಸಾಕು. ಇನ್ನೊಂದು ಸಂಗತಿ: ವಿಡಿಯೋ ಕಾಲ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು, ಹಾಡನ್ನ ಗದ್ದಲ ಅಂತ ತಿಳಿದು ಒತ್ತಿಬಿಡ್ತಾವೆ. ಹಾಡು ನಡುನಡುವೆ ಮುಳುಗೋದು ಇದಕ್ಕೇ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅನ್ನೋ ಆಯ್ಕೆ ಇದೆ, ಹಾಡು ಹಾಕೋ ಮಾಸ್ತರರು ಅದನ್ನ ಆನ್ ಮಾಡಿರಬೇಕು. ಅನುಭವ ಇರೋರು ಹಾಡನ್ನ ಮೊದಲೇ ಕಳಿಸಿ, ನಿಮ್ಮ ಮನೆಯಲ್ಲೇ ಹಾಕಿಕೊಳ್ಳಿ ಅಂತಾರೆ. ಹಂಗ ಹೇಳೋ ಮಾಸ್ತರು ಸಿಕ್ಕರೆ ಅವರಿಗೆ ಈ ಕೆಲಸ ಗೊತ್ತಿದೆ ಅಂತ ತಿಳಿಯಬಹುದು.

ಎಡ-ಬಲದ ಗೊಂದಲವೂ ಸಣ್ಣದಲ್ಲ. ಮಾಸ್ತರು ನಿಮ್ಮ ಕಡೆ ಮುಖ ಮಾಡಿ ನಿಂತರೆ ಅವರ ಎಡಗಾಲು ನಿಮಗೆ ಬಲಕ್ಕೆ ಕಾಣ್ತದೆ. ಮೇಲೆ ಮೊಬೈಲಿನ ಮುಂದಿನ ಕ್ಯಾಮೆರಾ ನಿಮ್ಮನ್ನ ನಿಮಗೆ ಕನ್ನಡಿಯಂತೆ ತೋರಿಸ್ತದೆ. ಒಳ್ಳೆ ಕ್ಲಾಸಿನಲ್ಲಿ ಬೆನ್ನು ತೋರಿಸಿ ಒಮ್ಮೆ, ಮುಖ ತೋರಿಸಿ ಒಮ್ಮೆ ಹೇಳಿಕೊಡ್ತಾರೆ, ಕಾಲಿನ ಮೇಲೆ ಒಂದು ಕ್ಯಾಮೆರಾ ಬೇರೆ ಇಟ್ಟಿರ್ತಾರೆ. ನೀವೂ ಅಷ್ಟೆ: ಮೊಬೈಲನ್ನ ಸೊಂಟದ ಎತ್ತರಕ್ಕೆ, ಎಂಟ್ಹತ್ತು ಅಡಿ ದೂರ ಇಟ್ಟು, ತಲೆಯಿಂದ ಪಾದದವರೆಗೆ ಕಾಣೋ ಹಂಗ ನಿಲ್ಲಬೇಕು. ಬರೀ ಮುಖ ಕಾಣಿಸಿದರೆ ಮಾಸ್ತರು ಏನು ತಿದ್ದಬೇಕು?

ನಮ್ಮ ಅಭಿಪ್ರಾಯ ಕೇಳಿದರೆ, ನೇರ ಗುಂಪು ಕ್ಲಾಸಿಗಿಂತ ಹೆಚ್ಚು ಉಪಯೋಗ ಆಗೋದು ಇನ್ನೊಂದು ರೀತಿ. ರೆಕಾರ್ಡ್ ಮಾಡಿದ ಪಾಠ ನೋಡಿ ಕಲೀರಿ, ವೇಗ ಕಡಿಮೆ ಮಾಡಿ ಹತ್ತು ಸಲ ನೋಡ್ರಿ, ನೀವು ಕುಣಿದದ್ದನ್ನ ಒಂದು ನಿಮಿಷದ ವಿಡಿಯೋ ಮಾಡಿ ಕಳಿಸ್ರಿ, ಮಾಸ್ತರು ತಿದ್ದಿ ಹೇಳಲಿ. ಇದರಲ್ಲಿ ತಡದ ತೊಂದರೆ ಇಲ್ಲ, ಡೇಟಾ ಖರ್ಚೂ ಕಡಿಮೆ. ನೇರ ವಿಡಿಯೋ ಕ್ಲಾಸಿಗೆ ತಾಸಿಗೆ ಸುಮಾರು ಅರ್ಧ ಜಿಬಿಯಿಂದ ಒಂದೂವರೆ ಜಿಬಿವರೆಗೆ ಹೋಗ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇದ್ದ ಮನೆಯಲ್ಲಿ ಡಾನ್ಸ್ ಕ್ಲಾಸ್ ಮುಗಿಯೋ ಹೊತ್ತಿಗೆ ತಮ್ಮನ ಕ್ರಿಕೆಟ್ಟೂ ಮುಗಿದಂಗೇ.

ನೊಗದ ಮಾತು

ಇನ್ನು ಪರದೆ ಕಲಿಸಲಾಗದ ಅರ್ಧ. ವಾಲ್ಟ್ಸಿನಲ್ಲಿ ಗಂಡಿನ ಬಲಗೈ ಹೆಣ್ಣಿನ ಎಡ ಹೆಗಲಿನ ಹಿಂದಿನ ಎಲುಬಿನ ಮೇಲೆ ಇರ್ತದೆ. ಅವಳ ಎಡಗೈ ಅವನ ಬಲ ತೋಳಿನ ಮೇಲೆ. ಇನ್ನೆರಡು ಕೈ ಕಣ್ಣಿನ ಮಟ್ಟದ ಹತ್ತಿರ ಹಿಡಿದಿರ್ತಾವೆ. ಇದಕ್ಕೆ ಫ್ರೇಮ್ ಅಂತಾರೆ. ಫೋಟೋದಲ್ಲಿ ಚೆಂದ ಕಾಣಲಿ ಅಂತ ಮಾಡಿದ್ದಲ್ಲ ಇದು, ಸುದ್ದಿ ದಾಟಿಸೋ ತಂತಿ.

ಹೋಲಿಕೆ ಸ್ವಲ್ಪ ಒರಟು ಅನ್ನಿಸಬಹುದು, ಆದರೂ ನಮ್ಮ ಕಡೆ ಬೇಗ ತಿಳಿಯೋದು ಇದೇ. ಜೋಡೆತ್ತು ಹೂಡಿದಾಗ ಒಂದು ಎತ್ತು ಹೊರಳೋದನ್ನ ಇನ್ನೊಂದು ಕಣ್ಣಿನಿಂದ ನೋಡಿ ತಿಳಿಯೋದಿಲ್ಲ, ನೊಗ ತಿಳಿಸ್ತದೆ. ನೊಗ ಸಡಿಲಾದರೆ ಒಂದು ಅತ್ತ, ಒಂದು ಇತ್ತ. ಬಾಲ್‌ರೂಮಿನಲ್ಲೂ ನಡೆಸೋರು ಹೆಜ್ಜೆ ಎತ್ತೋ ಮುಂಚೆ ಮೈಭಾರ ಆ ಕಡೆ ಸರಿಸ್ತಾರೆ. ಆ ಸರಿದದ್ದು ತೋಳಿನ ಮೂಲಕ ಎದುರಿನವರಿಗೆ ಮುಟ್ತದೆ, ಅವರ ಕಾಲು ತಾನೇ ಹಿಂದೆ ಹೋಗ್ತದೆ. ಕಣ್ಣಿಗೆ ಏನೂ ಕಾಣೋದಿಲ್ಲ. ಕಾಣದ್ದನ್ನ ಕ್ಯಾಮೆರಾ ತೋರಿಸೋದು ಹೆಂಗ?

ಆನ್‌ಲೈನಿನಲ್ಲಿ ಮಾತ್ರ ಕಲಿತ ಜೋಡಿಯನ್ನ ಗುರುತಿಸೋದು ಸುಲಭ. ಇಬ್ಬರೂ ಬಾಯಿಪಾಠ ಮಾಡಿದ ಹೆಜ್ಜೆಯನ್ನ ಅಕ್ಕಪಕ್ಕದಲ್ಲಿ ಒಪ್ಪಿಸ್ತಿರ್ತಾರೆ. ಹಾಡು ಬದಲಾದರೆ, ಎದುರಿಗೆ ಯಾರಾದರೂ ಅಡ್ಡ ಬಂದರೆ ನಿಂತುಬಿಡ್ತಾರೆ. ಮದುವೆ ವೇದಿಕೆಯ ಮೂರು ನಿಮಿಷಕ್ಕೆ ಅದು ಸಾಕು. ನಿಜವಾಗಿ ಕಲಿಯಬೇಕು ಅನ್ನೋರಿಗೆ ಸಾಲೋದಿಲ್ಲ.

ಇದನ್ನ ಮನೆಯಲ್ಲಿ ತುಸು ಮಟ್ಟಿಗೆ ತುಂಬಿಕೊಳ್ಳಬಹುದು. ಇಬ್ಬರೂ ಎದುರಾಬದುರು ನಿಂತು ಅಂಗೈಗೆ ಅಂಗೈ ಹಚ್ಚಿ, ಹಿಂಬಾಲಿಸೋರು ಕಣ್ಣು ಮುಚ್ಚಬೇಕು. ನಡೆಸೋರು ಬಾಯಿಬಿಡದೇ ನಿಧಾನಕ್ಕೆ ಮುಂದೆ, ಹಿಂದೆ, ಪಕ್ಕಕ್ಕೆ ನಡೀಬೇಕು. ಹಾಡೂ ಬೇಡ, ಹೆಜ್ಜೆಯ ಹೆಸರೂ ಬೇಡ. ಐದು ನಿಮಿಷ ಆದ ಮೇಲೆ ಅದಲು ಬದಲು. ತಳ್ಳಿದರೆ ಕೆಟ್ಟಿತು, ಕೈ ಸಡಿಲ ಬಿಟ್ಟರೂ ಕೆಟ್ಟಿತು. ದಿನಾ ಐದು ನಿಮಿಷದ ಈ ಆಟ ಯಾವುದೇ ಕ್ಯಾಂಪಿನ ಒಂದು ದಿನಕ್ಕಿಂತ ಹೆಚ್ಚು ಕಲಿಸ್ತದೆ ಅನ್ನೋದು ನಮ್ಮ ಮಾತು. ಗಂಡ-ಹೆಂಡತಿ ಕಲಿಯುವಾಗ ಒಂದು ಕರಾರು ಇರಲಿ: ಒಬ್ಬರನ್ನೊಬ್ಬರು ತಿದ್ದೋದು ಬೇಡ, ಅದು ಮಾಸ್ತರರ ಕೆಲಸ. ಜೋಡಿ ನೃತ್ಯ ಬಿಟ್ಟುಹೋಗೋದು ಬಹಳ ಸಲ ಕಾಲುನೋವಿನಿಂದಲ್ಲ, 'ನಿನ್ನಿಂದಲೇ ತಪ್ಪಿದ್ದು' ಅನ್ನೋ ಮಾತಿನಿಂದ.

ಮಂದಿ ಏನಂತಾರ?

ದೊಡ್ಡ ಪ್ರಶ್ನೆ ಇದು, ಸುಮ್ಮನೆ ಪಕ್ಕಕ್ಕೆ ಸರಿಸೋಕೆ ಆಗೋದಿಲ್ಲ. ಗಂಡು-ಹೆಣ್ಣು ಹತ್ತಿರ ನಿಂತು ಕುಣಿಯೋದು ನಮ್ಮ ಊರಲ್ಲಿ ಇನ್ನೂ ಎಲ್ಲ ಮನೆಗೂ ಒಪ್ಪಿಗೆ ಆಗಿಲ್ಲ. ಒಪ್ಪಲೇಬೇಕು ಅಂತಲೂ ಇಲ್ಲ. ಆದರೆ ಜೋಡಿ ಅಂದ್ರೆ ಗಂಡು-ಹೆಣ್ಣೇ ಆಗಬೇಕು ಅನ್ನೋ ನಿಯಮ ಕಲಿಕೆಗೆ ಇಲ್ಲ. ಅಕ್ಕ-ತಂಗಿ ಕಲಿಯಬಹುದು, ಅವ್ವ-ಮಗಳು, ಇಬ್ಬರು ಗೆಳತಿಯರು, ಇಬ್ಬರು ಗೆಳೆಯರು ಕಲಿಯಬಹುದು. ಟ್ಯಾಂಗೊ ಹುಟ್ಟಿದ ಬ್ಯೂನಸ್ ಐರಿಸ್‌ನಲ್ಲೇ ಗಂಡಸರು ಗಂಡಸರ ಜೊತೆ ಅಭ್ಯಾಸ ಮಾಡಿ ಕಲಿತವರು. ಒಬ್ಬರೇ ಇದ್ದರೆ ಲ್ಯಾಟಿನ್ ನೃತ್ಯದ ಒಂಟಿ ಹೆಜ್ಜೆ ಕಲಿಸೋ ಕ್ಲಾಸ್ ಆನ್‌ಲೈನಿನಲ್ಲಿ ಬೇಕಾದಷ್ಟು ಇವೆ. ಪರದೆಗೆ ಅತಿ ಹೆಚ್ಚು ಒಗ್ಗೋದೂ ಅವೇ.

ಹೆಣ್ಣುಮಗಳು ಕುಣಿದರೆ ಅನ್ನೋ ಮಾತು ಬಂದಾಗ ಈ ನೆಲದ ಒಂದು ಹೆಸರು ನೆನೆಯಬೇಕು. ಶ್ರೀಕೃಷ್ಣ ಪಾರಿಜಾತವನ್ನ ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ ನಮ್ಮವರು. ಅದೇ ಪಾರಿಜಾತವನ್ನ ಊರೂರಿಗೆ ಒಯ್ದು ಹೆಸರಾದವರು ಕೌಜಲಗಿ ನಿಂಗಮ್ಮ. ಹೆಂಗಸರು ರಂಗದ ಮೇಲೆ ಬರೋದೇ ಅಪರೂಪ ಇದ್ದ ಕಾಲದಲ್ಲಿ ಆಕೆ ರಾತ್ರಿಯಿಡೀ ಆಟ ಆಡಿ ಮಂದಿಯನ್ನ ಕೂರಿಸಿದವರು. ಇವತ್ತು ಅದೇ ಊರುಗಳ ಹುಡುಗಿ ತನ್ನ ಮನೆಯ ಮಾಳಿಗೆ ಮೇಲೆ ವಾಲ್ಟ್ಸ್ ಹೆಜ್ಜೆ ಹಾಕೋಕೆ ಅಂಜಬೇಕಾ ಅನ್ನೋದನ್ನ ಮನೆಯವರೇ ವಿಚಾರ ಮಾಡಲಿ.

ವಯಸ್ಸಾದವರನ್ನೂ ಮರೆಯಬಾರದು. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು 75 ದಾಟಿದ 469 ಮಂದಿಯನ್ನ ವರ್ಷಗಟ್ಟಲೆ ಗಮನಿಸಿತ್ತು. ದೈಹಿಕ ಚಟುವಟಿಕೆಗಳ ಪೈಕಿ ಮರೆವಿನ ಕಾಯಿಲೆ ಕಡಿಮೆ ಬರೋದರ ಜೊತೆ ಸಂಬಂಧ ಕಂಡದ್ದು ನೃತ್ಯಕ್ಕೆ ಮಾತ್ರ. ಕುಣಿದದ್ದಕ್ಕೇ ಮರೆವು ಬರಲಿಲ್ಲ ಅಂತ ಇದರಿಂದ ಸಾಬೀತಾಗೋದಿಲ್ಲ, ಗಟ್ಟಿಮುಟ್ಟಾಗಿದ್ದವರೇ ಕುಣಿದಿರಬಹುದು. ಆದರೂ ಲೆಕ್ಕ ಇಟ್ಟುಕೊಂಡು, ಜೊತೆಗಾರರನ್ನ ಗಮನಿಸುತ್ತಾ ಹೆಜ್ಜೆ ಹಾಕೋದು ನಿವೃತ್ತರಿಗೆ ಒಳ್ಳೆ ಕಸರತ್ತು ಅನ್ನೋದರಲ್ಲಿ ಅನುಮಾನ ಬೇಡ. ಮೊಣಕಾಲು ನೋವು, ತಲೆಸುತ್ತು ಇದ್ದವರು ಮಾತ್ರ ಮೊದಲು ಡಾಕ್ಟರನ್ನ ಕೇಳಬೇಕು.

ಜಾಗ ಮತ್ತು ನೆಲ

ಪೆಟ್ಟಿಗೆ ಹೆಜ್ಜೆಗೆ, ಚಾ-ಚಾಕ್ಕೆ, ರುಂಬಾಕ್ಕೆ ಎಂಟಡಿ-ಎಂಟಡಿ ಜಾಗ ಸಾಕು. ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಹಾಲ್ ತುಂಬ ಓಡೋ ನೃತ್ಯ, ಪಡಸಾಲಿಯಲ್ಲಿ ಆಗೋದಿಲ್ಲ. ಇವು ಹಾಲಿನ ಸುತ್ತ ಹೋಗೋದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅಂದ್ರೆ ಗುಡಿಯ ಪ್ರದಕ್ಷಿಣೆಗೆ ಉಲ್ಟಾ. ಮೊದಲೇ ನೆನಪಿಟ್ಟರೆ ಮುಂದೆ ನಾಲ್ಕು ಜೋಡಿಯ ನಡುವೆ ಡಿಕ್ಕಿ ತಪ್ತದೆ. ಊರಲ್ಲಿ ನಾಲ್ಕೈದು ಜೋಡಿ ಸೇರಿದರೆ ಮದುವೆ ಇಲ್ಲದ ದಿನ ಮಂಗಲ ಕಾರ್ಯಾಲಯದವರನ್ನ ಒಂದು ತಾಸಿಗೆ ಕೇಳಿ ನೋಡಬಹುದು.

ನೆಲದ ವಿಷಯದಲ್ಲಿ ಹುಷಾರಿರಬೇಕು. ಮಾಳಿಗೆಯ ಒರಟು ಸಿಮೆಂಟಿನ ಮೇಲೆ ರಬ್ಬರ್ ಬೂಟು ಹಾಕಿ ತಿರುಗಿದರೆ ಪಾದ ಅಲ್ಲೇ ಹಿಡಿದುಕೊಳ್ತದೆ, ಮೈ ತಿರುಗ್ತದೆ, ನಡುವೆ ಸಿಕ್ಕೋದು ಮೊಣಕಾಲು. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿದರೆ ಜಾರಿ ಬೀಳ್ತೀರಿ. ಡಾನ್ಸಿನವರು ಅಡಿಗೆ ಮೆತ್ತನೆ ಸ್ವೀಡ್ ಚರ್ಮ ಇರೋ ಬೂಟು ಹಾಕೋದು ಇದಕ್ಕೇ, ಜಾರಬೇಕಾದಷ್ಟು ಜಾರ್ತದೆ, ಹಿಡಿಯಬೇಕಾದಷ್ಟು ಹಿಡೀತದೆ. ಮೊದಲ ತಿಂಗಳಿಗೆ ಅದನ್ನ ಕೊಳ್ಳೋ ಅವಸರ ಬೇಡ. ಫರಸಿ ನೆಲ ಇದ್ದರೆ ಚರ್ಮದ ಅಡಿ ಇರೋ ಹಳೇ ಬೂಟು ನಡೀತದೆ. ಹೆಂಗಸರು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಶುರು ಮಾಡೋದು ಬೇಡ.

ಕ್ಯಾಂಪಿಗೆ ರೊಕ್ಕ ಕಟ್ಟೋ ಮುಂಚೆ

ವರ್ಚುವಲ್ ಕ್ಯಾಂಪ್ ಅಂದ್ರೆ ಎರಡು-ಮೂರು ದಿನ, ದಿನಕ್ಕೆ ಹಲವು ತಾಸು, ಬೇರೆ ಬೇರೆ ಮಾಸ್ತರರ ಪಾಠ. ಈಗಾಗಲೇ ಹೆಜ್ಜೆ ಬಲ್ಲವರಿಗೆ ಇದು ಹಬ್ಬ. ಹೊಸಬರಿಗೆ ಒಂದೇ ದಿನ ಹೋಳಿಗೆ, ಕರದಂಟು, ಮಾಂಡೆ ಮೂರೂ ತಿಂದಂಗ. ಹೊಸಬರು ವಾರಕ್ಕೊಂದರಂತೆ ಎಂಟು-ಹತ್ತು ವಾರದ ಕ್ಲಾಸ್ ಹಿಡಿದು, ಆಮೇಲೆ ಕ್ಯಾಂಪಿನ ವಿಚಾರ ಮಾಡಿದರೆ ರೊಕ್ಕ ದಕ್ಕುತ್ತದೆ. ಕ್ಯಾಂಪಿನ ಬೆಲೆ ನಿಜವಾಗಿ ಇರೋದು ರೆಕಾರ್ಡಿಂಗಿನಲ್ಲಿ. ಎಷ್ಟು ದಿನ ನೋಡೋಕೆ ಬಿಡ್ತಾರೆ ಅನ್ನೋದನ್ನ ಕೇಳಿಯೇ ಫೀ ಕಟ್ರಿ. ಒಂದು ವಾರ ಅಂದ್ರೆ ಕಡಿಮೆ. ಕಬ್ಬಿನ ಹಂಗಾಮಿನಲ್ಲಿ ಹೊಲಕ್ಕೂ ಕಾರ್ಖಾನೆಗೂ ಓಡಾಡೋ ಮನೆಯವರು ಆ ತಿಂಗಳುಗಳನ್ನ ಬಿಟ್ಟು ಸೇರಿದರೆ ಚಲೋ.

ಪಾಠ ಹೇಳೋರು ಒಬ್ಬೊಬ್ಬರನ್ನ ತಿದ್ದುತಾರಾ ಅಥವಾ ಇನ್ನೂರು ಮಂದಿಗೆ ಒಟ್ಟಿಗೆ ಹೇಳಿ ಹೋಗ್ತಾರಾ ಅನ್ನೋದನ್ನೂ ಕೇಳಬೇಕು. ಎರಡನೇದಾದರೆ ಅದು ವಿಡಿಯೋ ನೋಡಿದಷ್ಟೇ, ಕ್ಲಾಸಿನ ಫೀ ಕೊಡೋ ಅಗತ್ಯ ಇಲ್ಲ. ಮೊದಲ ಪಾಠ ಉಚಿತವಾಗಿಯೋ ಕಡಿಮೆ ಫೀಗೋ ಕೊಡೋರನ್ನೇ ನೋಡ್ರಿ.

ಸರ್ಟಿಫಿಕೇಟ್ ವಿಷಯ ಸ್ಪಷ್ಟ ಇರಲಿ. ಕ್ಯಾಂಪ್ ಮುಗಿದ ಮೇಲೆ ಕಳಿಸೋ ಪತ್ರ ನೀವು ಹಾಜರಿದ್ದಿರಿ ಅಂತ ಹೇಳ್ತದೆ, ಅಷ್ಟೇ. ಡಾನ್ಸ್ ಮಾಸ್ತರ ಆಗಬೇಕು, ಕ್ಲಾಸ್ ತೆಗೀಬೇಕು ಅನ್ನೋ ಹುಡುಗರಿಗೆ ಅದು ಅರ್ಹತೆ ಅಲ್ಲ. ಲಂಡನ್ನಿನಲ್ಲಿ 1904ರಲ್ಲಿ ಹುಟ್ಟಿದ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್‌ನಂಥ ಸಂಸ್ಥೆಗಳಲ್ಲಿ ಕಲಿಯೋರಿಗೆ ಬ್ರಾಂಝ್, ಸಿಲ್ವರ್, ಗೋಲ್ಡ್ ಹಂತದ ಪರೀಕ್ಷೆ ಬೇರೆ, ಕಲಿಸೋರಿಗೆ ಪರೀಕ್ಷೆ ಬೇರೆ. ಏಳು ದಿನದಲ್ಲಿ ಅಂತಾರಾಷ್ಟ್ರೀಯ ಶಿಕ್ಷಕರ ಪತ್ರ ಕೊಡ್ತೀವಿ ಅನ್ನೋರ ಹತ್ತಿರ ಯಾವ ಸಂಸ್ಥೆಯ ಪರೀಕ್ಷೆ ಅಂತ ಒಂದೇ ಪ್ರಶ್ನೆ ಕೇಳ್ರಿ, ಉತ್ತರ ಬಂದ ಮೇಲೆ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ ಖಾತ್ರಿ ಮಾಡಿಕೊಳ್ರಿ.

ಇನ್ನು ಹೆಣ್ಣುಮಕ್ಕಳ, ಮಕ್ಕಳ ವಿಷಯ. ಡಾನ್ಸ್ ಕ್ಲಾಸಿನಲ್ಲಿ ಮೈಪೂರ್ತಿ ಕ್ಯಾಮೆರಾದಲ್ಲಿ ಕಾಣ್ತದೆ. ಕ್ಲಾಸ್ ರೆಕಾರ್ಡ್ ಆಗ್ತದಾ, ಅದು ಯಾರ ಹತ್ತಿರ ಇರ್ತದೆ, ಜಾಹೀರಾತಿಗೆ ಹಾಕ್ತಾರಾ ಅನ್ನೋದನ್ನ ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಗುಂಪು ಕ್ಲಾಸಿನಲ್ಲಿ ಬೇರೆ ವಿದ್ಯಾರ್ಥಿಗಳೂ ಸ್ಕ್ರೀನ್‌ಶಾಟ್ ತೆಗೀಬಹುದು. ಬೇಡ ಅನ್ನಿಸಿದರೆ ಕ್ಯಾಮೆರಾ ಆಫ್ ಮಾಡಿ ಕಲೀರಿ, ತಿದ್ದಿಸಿಕೊಳ್ಳೋಕೆ ಒಬ್ಬರೇ ಇರೋ ಪಾಠ ತಗೊಳ್ರಿ. ಸಣ್ಣ ಮಕ್ಕಳ ಕ್ಲಾಸ್ ನಡೆಯುವಾಗ ಮನೆಯ ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ಇರಲಿ. ಫೀ ವಾಪಸ್ ಕೊಡ್ತೀವಿ ಅಂತ ಹೇಳಿ ಯುಪಿಐ ಪಿನ್ ಒತ್ತಿಸೋರು ಇದ್ದಾರೆ, ರೊಕ್ಕ ಬರೋದಕ್ಕೆ ಪಿನ್ ಬೇಕಾಗೋದಿಲ್ಲ. ಮೋಸ ಆದರೆ ತಡ ಮಾಡದೇ 1930ಕ್ಕೆ ಫೋನ್ ಮಾಡ್ರಿ. ಫೋಟೋ, ವಿಡಿಯೋ ದುರ್ಬಳಕೆ ಆದರೆ ಕೇಂದ್ರ ಸರಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು.

ಹೊರದೇಶದ ಮಾಸ್ತರರ ಹತ್ತಿರ ಕಲಿಯೋರು ಹೊತ್ತು ನೋಡಿಕೊಳ್ಳಬೇಕು. ಲಂಡನ್ನಿನ ಸಂಜೆ ಏಳಕ್ಕೆ ನಮ್ಮಲ್ಲಿ ಬೇಸಿಗೆಯಾದರೆ ರಾತ್ರಿ ಹನ್ನೊಂದೂವರೆ, ಅವರ ಚಳಿಗಾಲವಾದರೆ ಹನ್ನೆರಡೂವರೆ. ಆ ಹೊತ್ತಿಗೆ ಹಾಡು ಹಚ್ಚಿ ಕಾಲು ಬಡಿದರೆ ಕೆಳಗಿನ ಮನೆಯವರು ಮೇಲೆ ಬರ್ತಾರೆ. ಶನಿವಾರ ಅವರ ಬೆಳಗಿನ ಹತ್ತರ ಪಾಠ ಹಿಡಿದರೆ ನಮಗೆ ಮಧ್ಯಾಹ್ನ ಎರಡೂವರೆ ಅಥವಾ ಮೂರೂವರೆ, ಊಟ ಆಗಿರ್ತದೆ, ಮನೆಯವರು ಮಲಗಿರ್ತಾರೆ, ಪಡಸಾಲಿ ಖಾಲಿ ಇರ್ತದೆ.